ಹಾಲ್‌ಗೆ ಯಾವುದು, ಕಾರಿಗೆ ಯಾವುದು: ಹಾಡಿನ ಸಾಧನ ಆರಿಸುವವರಿಗೆ

ದಾವಣಗೆರೆಯ ಹಲವು ಮನೆಗಳಲ್ಲಿ ಹಾಡುಗಳು ಮೂರು ಕಡೆ ಚೆದುರಿರುತ್ತವೆ. ಸಜ್ಜೆಯ ಮೇಲಿನ ರಟ್ಟಿನ ಡಬ್ಬದಲ್ಲಿ ಕ್ಯಾಸೆಟ್ಟು, ಸಿಡಿ. ಹಳೇ ಕಂಪ್ಯೂಟರಿನಲ್ಲಿ ಎಂಪಿ3. ಫೋನಿನಲ್ಲಿ ತಿಂಗಳ ಚಂದಾದ ಆ್ಯಪ್. ಇವನ್ನೆಲ್ಲ ಹಾಲ್‌ನಲ್ಲೂ ಕಾರಿನಲ್ಲೂ ಚೆನ್ನಾಗಿ ಕೇಳಬೇಕೆಂದು ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ವ್ಯಾಟ್‌ಗಳ ಲೆಕ್ಕ. ಅದನ್ನು ಸದ್ಯಕ್ಕೆ ಬದಿಗಿಡಿ. ಎರಡು ಸಂಗತಿ ಇತ್ಯರ್ಥವಾದರೆ ಉಳಿದ ಆಯ್ಕೆ ಸಲೀಸು. ಹಾಡು ಇರುವುದು ಎಲ್ಲಿ: ನಿಮ್ಮ ಕೈಯಲ್ಲಿರುವ ಫೈಲಿನಲ್ಲೋ, ಇಂಟರ್‌ನೆಟ್ಟಿನಲ್ಲೋ? ಅಂಕಿಗಳ ರೂಪದ ಆ ಹಾಡು ಸದ್ದಿನ ಅಲೆಯಾಗಿ ಬದಲಾಗುವುದು ಯಾವ ಪೆಟ್ಟಿಗೆಯಲ್ಲಿ? ಈ ಬದಲಾವಣೆ ಮಾಡುವ ಭಾಗವನ್ನು ಡ್ಯಾಕ್ ಎನ್ನುತ್ತಾರೆ. ಫೋನು, ಬ್ಲೂಟೂತ್ ಸ್ಪೀಕರ್, ಕಾರಿನ ಡೆಕ್ಕು, ಎಲ್ಲದರೊಳಗೂ ಒಂದೊಂದು ಡ್ಯಾಕ್ ಇರುತ್ತದೆ. ಇರುವುದರಲ್ಲಿ ಒಳ್ಳೆಯ ಡ್ಯಾಕ್ ಎಲ್ಲಿದೆಯೋ ಅಲ್ಲಿಯವರೆಗೆ ಹಾಡನ್ನು ಮತ್ತೊಮ್ಮೆ ಕುಗ್ಗಿಸದೆ ತಲುಪಿಸಬೇಕು.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಒಂದೇ ಕಡೆ ಕೂರುವ ಸಾಧನಕ್ಕೆ ತಂತಿಯೋ ವೈಫೈಯೋ ಇರಲಿ, ಓಡುವ ಗಾಡಿಗೆ ಪೆನ್‌ಡ್ರೈವ್ ಇರಲಿ. ಬ್ಲೂಟೂತ್ ಎರಡೂ ಕಡೆ ಅನುಕೂಲಕ್ಕೆ ಸರಿ, ಅದನ್ನೇ ಮುಖ್ಯ ದಾರಿ ಮಾಡಿಕೊಳ್ಳಬೇಡಿ. ಕೈಯಲ್ಲಿ ಮಿಕ್ಕ ದುಡ್ಡನ್ನು ಸ್ಪೀಕರಿಗೆ ಹಾಕಿ.

ಮೊದಲು ಫೈಲು

ಸಿಡಿಯಲ್ಲಿರುವ ಹಾಡು 16 ಬಿಟ್, 44.1 ಕಿಲೊಹರ್ಟ್ಸ್. ಹಾಗೇ ಇಟ್ಟರೆ ಒಂದು ಗಂಟೆಗೆ ಸುಮಾರು 635 ಎಂಬಿ. ಫ್ಲ್ಯಾಕ್ ಎಂಬ ಫೈಲ್ ಮಾದರಿಗೆ ಬದಲಿಸಿದರೆ ಒಂದಂಶವೂ ಕಳೆಯದೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಜಾಗದಲ್ಲಿ ಕೂರುತ್ತದೆ. 320 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೊಬಿಟ್) ಎಂಪಿ3 ಆದರೆ ಗಂಟೆಗೆ 144 ಎಂಬಿ. ಸಿಡಿಯಿಂದ ತೆಗೆಯುವಾಗ ಒಮ್ಮೆ ಫ್ಲ್ಯಾಕ್‌ಗೆ ತೆಗೆದು ಮನೆಯ ಹಾರ್ಡ್‌ಡಿಸ್ಕಿನಲ್ಲಿ ಇಡಿ, ಕಾರಿಗೆ ಅದರಿಂದಲೇ 320ರ ಎಂಪಿ3 ಪ್ರತಿ ಮಾಡಿಕೊಳ್ಳಿ. ಗೀರು ಬಿದ್ದ ಸಿಡಿಗೆ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಉಚಿತ ತಂತ್ರಾಂಶ ಒಳ್ಳೆಯದು. ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸಿ ನೋಡುತ್ತದೆ. ನಿಧಾನ, ಆದರೆ ನಡುವೆ ಟಕ್ ಟಕ್ ಎನ್ನುವ ಹಾಡು ಕೊಡುವುದು ಅಪರೂಪ.

ಹಳೆಯ 128 ಕೆಬಿಪಿಎಸ್ ಎಂಪಿ3ಯನ್ನು 320ಕ್ಕೆ ಬದಲಿಸಿದರೆ ಫೈಲು ದಪ್ಪವಾಗುತ್ತದೆ ಅಷ್ಟೆ. ಒಮ್ಮೆ ಕಳೆದ ತಾಳದ ಮೊನಚು, ತಂಬೂರಿಯ ಗುಂಗು ಹಿಂದಿರುಗುವುದಿಲ್ಲ. ಕ್ಯಾಸೆಟ್ ಇದ್ದವರು ಟೇಪಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ಕೊಟ್ಟು, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಅತಿ ಜೋರಿನ ಜಾಗ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಟ್ಟು ತುಂಬಿಕೊಳ್ಳಿ. ಮೀಟರು ಕೆಂಪು ಮುಟ್ಟಿದ ಕಡೆ ದನಿ ಒಡೆದರೆ ಅದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಎಲ್ಲವೂ ಮುಗಿದ ಮೇಲೆ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇರಲೇಬೇಕು. ತಾತ ಹಾಡಿದ ತತ್ವಪದದ ಕ್ಯಾಸೆಟ್ಟು ಅಂಗಡಿಯಲ್ಲಿ ಮತ್ತೆ ಸಿಗುವ ವಸ್ತುವಲ್ಲ.

ಚಂದಾ ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಮಾಡಿದ ಹಾಡು ಪೆನ್‌ಡ್ರೈವ್‌ಗೆ ಬರುವುದಿಲ್ಲ. ಅದು ಆ ಆ್ಯಪ್‌ನೊಳಗೆ ಮಾತ್ರ ತೆರೆಯುವ ಬೀಗ ಹಾಕಿದ ಫೈಲು. ಆ್ಯಪ್ ಮಾತ್ರವೇ ನಿಮ್ಮ ಸಂಗ್ರಹವಾಗಿದ್ದರೆ ಮುಂದೆ ಹೇಳುವ ಪೆನ್‌ಡ್ರೈವ್ ದಾರಿ ನಿಮಗಲ್ಲ. ಮುಂದೆ ಬರುವ ಎರಡನ್ನು ನೋಡಿ: ಮನೆಗೆ ವೈಫೈ ಸ್ಟ್ರೀಮರ್, ಕಾರಿಗೆ ಆಂಡ್ರಾಯ್ಡ್ ಆಟೊ (ಫೋನಿನ ಆ್ಯಪ್‌ಗಳನ್ನು ಡೆಕ್ಕಿನ ಪರದೆಯಲ್ಲಿ ನಡೆಸುವ ವ್ಯವಸ್ಥೆ).

ಮನೆಗೆ ನಾಲ್ಕು ದಾರಿ

ಬಾಡಿಗೆ ಮನೆ, ಒಂದು ರೂಮು, ಆಗಾಗ ಸಾಮಾನು ಕಟ್ಟುವ ಬದುಕು ಎಂದಾದರೆ ಬ್ಲೂಟೂತ್ ಸ್ಪೀಕರೇ ಸಾಕು. ಅದರಲ್ಲಿ ಆಗುವುದೇನೆಂದು ಮಾತ್ರ ತಿಳಿದಿರಲಿ. ಫೋನು ಎಂಪಿ3ಯನ್ನು ಬಿಚ್ಚಿ, ಎಸ್‌ಬಿಸಿ ಅಥವಾ ಎಎಸಿ ಎಂಬ ಮಾದರಿಗೆ ಮತ್ತೆ ಕುಗ್ಗಿಸಿ ಗಾಳಿಯಲ್ಲಿ ಕಳಿಸುತ್ತದೆ. ಎಸ್‌ಬಿಸಿ ಸಾಮಾನ್ಯವಾಗಿ ಹೆಚ್ಚೆಂದರೆ 328 ಕೆಬಿಪಿಎಸ್. ಎಲ್‌ಡಿಎಸಿ ಎಂಬ ಇನ್ನೊಂದು ಮಾದರಿ 990ರವರೆಗೆ ಹೋಗುತ್ತದೆ, ಆದರೆ ಎರಡೂ ತುದಿಯಲ್ಲಿ ಅದು ಇರಬೇಕು. ಐಫೋನಿನಲ್ಲಿ ಅದಿಲ್ಲ, ಎಎಸಿಯೇ ಗತಿ. ಟಿವಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿದಾಗ ತುಟಿ ಮೊದಲು ಆಡಿ ಮಾತು ಆಮೇಲೆ ಬರುವುದಕ್ಕೂ ಈ ಕುಗ್ಗಿಸಿ ಬಿಚ್ಚುವ ಕೆಲಸದ ತಡವೇ ಕಾರಣ.

ಎರಡನೆಯದು ಸೌಂಡ್‌ಬಾರ್. ಟಿವಿ ಮಾತಿಗೆ ಒಳ್ಳೆಯದು, ಹಾಡಿಗೆ ಸುಮಾರು. ಎರಡು ಸ್ಪೀಕರ್ ಒಂದೇ ಕೋಲಿನಲ್ಲಿ ಕೂತಿರುವುದರಿಂದ ಎಡಬಲದ ಹರವು ಸಿಗುವುದಿಲ್ಲ. ತರುವುದಾದರೆ ಎಚ್‌ಡಿಎಂಐ ತಂತಿಯನ್ನು ಟಿವಿಯಲ್ಲಿ ‘ಎಆರ್‌ಸಿ’ ಎಂದು ಬರೆದಿರುವ ಕಿಂಡಿಗೇ ಹಾಕಿ. ಬೇರೆ ಕಿಂಡಿಗೆ ಹಾಕಿ ಸದ್ದೇ ಬರಲಿಲ್ಲವೆಂದು ಅಂಗಡಿಗೆ ಹೊತ್ತೊಯ್ಯುವವರು ಬಹಳ.

ಮೂರನೆಯದು ನಮಗೆ ಹೆಚ್ಚು ಇಷ್ಟವಾದದ್ದು: ಮನೆಯಲ್ಲಿರುವ ಹಳೆಯ ಆಂಪ್ಲಿಫೈಯರ್ ಮತ್ತು ಮರದ ಪೆಟ್ಟಿಗೆಯ ಸ್ಪೀಕರಿಗೆ ಜೀವ ಕೊಡುವುದು. 8 ಇಂಚಿನ ವೂಫರ್ (ಬೇಸ್ ಕೊಡುವ ದೊಡ್ಡ ಕೋನು) ಇರುವ ಹಳೆಯ ಜೋಡಿಯೊಂದು ಸರಿಯಿದ್ದರೆ, ಅದೇ ಖರ್ಚಿಗೆ ಬರುವ ಹೊಸ ಪ್ಲಾಸ್ಟಿಕ್ ಡಬ್ಬ ಅದರ ಹತ್ತಿರ ಸುಳಿಯಲಾರದು. ಆದರೆ ವರ್ಷಾನುಗಟ್ಟಲೆ ಮುಚ್ಚಿಟ್ಟ ಆಂಪ್ಲಿಫೈಯರನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಒಳಗಿನ ಕೆಪಾಸಿಟರ್ ಒಣಗಿದ್ದರೆ ಸಿಡಿಯಬಹುದು. ರಿಪೇರಿ ಅಂಗಡಿಯಲ್ಲಿ ಸೀರೀಸ್ ಬಲ್ಬಿನ ಬೋರ್ಡ್ ಇರುತ್ತದೆ. 60 ಅಥವಾ 100 ವ್ಯಾಟಿನ ಹಳೇ ಬಲ್ಬಿನ ಮೂಲಕ ಕರೆಂಟ್ ಕೊಟ್ಟಾಗ ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಹೆದರಿಕೆಯಿಲ್ಲ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಚಿಮ್ಮಿಸಿ, ಕರೆಂಟ್ ಇಲ್ಲದೆ ಇಪ್ಪತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ. ವೂಫರಿನ ಸುತ್ತ ಇರುವ ಸ್ಪಂಜಿನ ಅಂಚನ್ನು ಬೆರಳಿನಿಂದ ಒತ್ತಿದಾಗ ಪುಡಿಯಾದರೆ ಅಂಚು ಮಾತ್ರ ಹೊಸದು ಹಾಕಿಸಿ, ಸ್ಪೀಕರ್ ಎಸೆಯಬೇಡಿ.

ಇಂಥ ಆಂಪ್ಲಿಫೈಯರಿಗೆ ಹಾಡು ಕೊಡುವುದು ಹೇಗೆ? ಹಿಂದೆ ಆಕ್ಸ್, ಟೇಪ್ ಇನ್, ಟ್ಯೂನರ್, ಸಿಡಿ ಎಂದು ಏನೇ ಬರೆದಿದ್ದರೂ ಎಲ್ಲವೂ ಒಂದೇ ಮಟ್ಟದ ಕಿಂಡಿಗಳು, ಯಾವುದಕ್ಕಾದರೂ ಕೊಡಿ. ‘ಫೋನೊ’ ಮಾತ್ರ ಬೇಡ. ಅದು ಗ್ರಾಮಫೋನ್ ಸೂಜಿಯ ಬಡಕಲು ಸಿಗ್ನಲ್ಲನ್ನು ನೂರು ಪಟ್ಟು ಹಿಗ್ಗಿಸುವ ಜಾಗ. ಫೋನು ಚುಚ್ಚಿದರೆ ದನಿ ಒಡೆದು ಚೂರಾಗುತ್ತದೆ. ಇನ್ನೂ ಹಳೆಯದರಲ್ಲಿ ಐದು ಕಡ್ಡಿಯ ದುಂಡು ಡಿನ್ ಕಿಂಡಿ ಇದ್ದರೆ 2ನೆಯ ಕಡ್ಡಿ ಗ್ರೌಂಡ್, 3 ಎಡ, 5 ಬಲ. ಡಿನ್‌ನಿಂದ ಆರ್‌ಸಿಎಗೆ (ಕೆಂಪು ಬಿಳಿ ಪಿನ್ನಿನ ಜೋಡಿಗೆ) ತಂತಿ ಮಾಡಿಸಿಕೊಳ್ಳಬಹುದು.

ಹಾಡು ಹೊರಡುವ ತುದಿಗೆ ಮೂರು ಬಗೆ ಸಾಧ್ಯ. ಫೋನಿನ ಟೈಪ್‌-ಸಿ ಕಿಂಡಿಗೆ ಹಾಕುವ, ಒಳಗೆ ಡ್ಯಾಕ್ ಇರುವ ಸಣ್ಣ ಡಾಂಗಲ್ ಅತಿ ಅಗ್ಗದ ಬಗೆ. ಗುಣಮಟ್ಟಕ್ಕೆ ಮೋಸವಿಲ್ಲ, ಆದರೆ ಫೋನು ಕಟ್ಟಿಹಾಕಿಕೊಂಡಿರುತ್ತದೆ, ಕರೆ ಬಂದರೆ ಹಾಡು ನಿಲ್ಲುತ್ತದೆ. ಬ್ಲೂಟೂತ್ ರಿಸೀವರ್ ಹಾಕಿದರೆ ತಂತಿ ಇಲ್ಲ, ಮೇಲೆ ಹೇಳಿದ ಕುಗ್ಗಿಸುವಿಕೆ ಇದೆ. ವೈಫೈ ಸ್ಟ್ರೀಮರ್ ತಾನೇ ನೇರ ಇಂಟರ್‌ನೆಟ್ಟಿನಿಂದ ಅಥವಾ ಮನೆಯ ಡಿಸ್ಕಿನಿಂದ ಹಾಡು ಎಳೆದುಕೊಳ್ಳುತ್ತದೆ. ಫೋನು ಬರೀ ರಿಮೋಟು. ನೀವು ಫೋನು ಹಿಡಿದು ಮಂಡಕ್ಕಿ ತರಲು ಹೋದರೂ ಮನೆಯಲ್ಲಿ ಹಾಡು ನಡೆದೇ ಇರುತ್ತದೆ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ ಈ ಕೆಲಸಕ್ಕೆ ಹೆಸರಾಗಿತ್ತು. 2019ರಲ್ಲಿ ತಯಾರಿಕೆ ನಿಂತಿದೆ, ಸೆಕೆಂಡ್ ಹ್ಯಾಂಡ್ ಹುಡುಕುವ ಬದಲು ಈಗ ತಯಾರಾಗುತ್ತಿರುವ ಸ್ಟ್ರೀಮರ್ ಕೊಳ್ಳಿ.

ನಾಲ್ಕನೆಯದು, ಕೈಕೆಲಸದ ಹುಚ್ಚಿದ್ದವರಿಗೆ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಲಗೆಯ ಮೇಲೆ ಡ್ಯಾಕ್ ಹಲಗೆ ಕೂರಿಸಿ ವೊಲ್ಯುಮಿಯೊ ಅಥವಾ ಮೂಡ್ ಎಂಬ ಹಾಡು ನುಡಿಸುವ ತಂತ್ರಾಂಶ ಹಾಕುವುದು. ಪೈ 4ರ ಸ್ವಂತ 3.5 ಮಿಮೀ ಕಿಂಡಿಯ ದನಿ ಹಾಡಿಗೆ ಸಾಲದು, ಪೈ 5ರಲ್ಲಿ ಆ ಕಿಂಡಿಯೇ ಇಲ್ಲ. ಹಾಗಾಗಿ ಡ್ಯಾಕ್ ಬೇಕೇ ಬೇಕು. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಕೊಡುವ ಚಾರ್ಜರ್ ಬೇಕು. ಹಳೇ ಫೋನಿನ ಚಾರ್ಜರ್ ಹಾಕಿದರೆ ಹಾಡು ನಡುನಡುವೆ ನಿಂತು ಪೈ ತಾನಾಗಿ ಮತ್ತೆ ಶುರುವಾಗುತ್ತದೆ. ಇದರ ದೊಡ್ಡ ಶತ್ರು ಕರೆಂಟು. ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗ ಬೆಸ್ಕಾಂ ಕರೆಂಟ್ ಹೋದರೆ ಕಾರ್ಡು ಕೆಟ್ಟು ಮತ್ತೆ ಎಲ್ಲ ಹಾಕಬೇಕಾಗುತ್ತದೆ. ಯುಪಿಎಸ್ ಲೈನಿಗೆ ಹಾಕಿ, ಕೆಲಸ ಮಾಡುವ ಕಾರ್ಡಿನ ಒಂದು ನಕಲು ಡ್ರಾಯರಿನಲ್ಲಿರಲಿ. ಯುಪಿಎಸ್ ಸ್ಕ್ವೇರ್ ವೇವ್‌ನದಾದರೆ ಕರೆಂಟ್ ಹೋದಾಗಲೆಲ್ಲ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಗೊರ್ ಎನ್ನುತ್ತದೆ. ಸೈನ್ ವೇವ್‌ಗೆ ಆ ತೊಂದರೆಯಿಲ್ಲ.

ಗೊಂಯ್ ಸದ್ದು, ಕಳೆದುಹೋದ ಬೇಸ್

ಎಲ್ಲ ಜೋಡಿಸಿದ ಮೇಲೆ ಹಾಡಿಲ್ಲದಾಗಲೂ ಗೊಂಯ್ ಎನ್ನುತ್ತಿದ್ದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಆಮೇಲೆ ಟಿವಿಗೆ ಬರುವ ಕೇಬಲ್ ಅಥವಾ ಡಿಷ್ ತಂತಿ ಬಿಚ್ಚಿ ನೋಡಿ. ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೋ ಅಲ್ಲಿಂದ ಎರಡನೇ ಅರ್ಥಿಂಗ್ ದಾರಿ ಬಂದಿದೆ ಎಂದರ್ಥ; ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಎಲ್ಲವನ್ನೂ ಒಂದೇ ಬೋರ್ಡಿನ ಪ್ಲಗ್ಗುಗಳಿಗೆ ತನ್ನಿ. ಆಗಲೂ ಹೋಗದಿದ್ದರೆ ಸಿಗ್ನಲ್ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಟಿವಿಯಿಂದಾದರೆ ಆಪ್ಟಿಕಲ್ ತಂತಿ ಬಳಸಿ, ಅದರಲ್ಲಿ ಹೋಗುವುದು ಬೆಳಕಾದ್ದರಿಂದ ಈ ರೋಗವೇ ಇಲ್ಲ. ಆಗ ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಇರಬೇಕು. ಡಾಲ್ಬಿ ಇದ್ದರೆ ಸಾದಾ ಡ್ಯಾಕ್ ಮೂಕವಾಗುತ್ತದೆ. ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಮೂರನೇ ಪಿನ್ ಮುರಿಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಜೀವ ಉಳಿಸುವ ಪಿನ್.

ಸ್ಪೀಕರಿಗೆ 1.5 ಚದರ ಮಿಮೀ ತಾಮ್ರದ ತಂತಿ ಸಾಕು. 10 ಮೀಟರ್ ಎಳೆದರೂ ಹೋಗಿಬರುವ ರೋಧ ಕಾಲು ಓಮ್ ಆಸುಪಾಸು, 8 ಓಮ್ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕಿಲ್ಲ. ತಂತಿಯ ದರಕ್ಕಿಂತ ಪ್ಲಸ್ ಮೈನಸ್ ಮುಖ್ಯ. ಒಂದು ಸ್ಪೀಕರಿನಲ್ಲಿ ಅದಲುಬದಲಾದರೆ ಒಂದರ ಕೋನು ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗಿ ಬೇಸ್ ಪರಸ್ಪರ ಅಳಿಸಿಹೋಗುತ್ತದೆ, ಹಾಡುಗಾರನ ದನಿ ನಡುವೆ ನಿಲ್ಲದೆ ಎಲ್ಲೋ ತೇಲುತ್ತದೆ. ಹಳೇ ಸ್ಪೀಕರಿನ ಹಿಂದೆ ಗುರುತು ಅಳಿಸಿದ್ದರೆ ಆಂಪ್ಲಿಫೈಯರಿನಿಂದ ತಂತಿ ಬಿಚ್ಚಿ, ಮುಂದಿನ ಜಾಲರಿ ತೆಗೆದು, ಒಂದು 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ತಂತಿಯ ಎರಡು ತುದಿಗೆ ಕ್ಷಣಮಾತ್ರ ಮುಟ್ಟಿಸಿ. ಟಪ್ ಎಂದು ವೂಫರಿನ ಕೋನು ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಗುಲಿದ ತಂತಿಯೇ ಪ್ಲಸ್. ಒಳಗೆ ಸರಿದರೆ ಉಲ್ಟಾ. ಕೆಂಪು ಟೇಪು ಸುತ್ತಿಡಿ.

ಇನ್ನು ಹಾಲ್. ಗ್ರಾನೈಟ್ ನೆಲ, ಬೋಳು ಗೋಡೆ, ಆರ್‌ಸಿಸಿ ಛಾವಣಿ ಮೂರೂ ಸೇರಿದರೆ ಒಂದು ಚಪ್ಪಾಳೆ ಹತ್ತಾಗಿ ಕೇಳುತ್ತದೆ. ಎಷ್ಟು ದುಬಾರಿ ಸ್ಪೀಕರಾದರೂ ಅಂಥ ಕೋಣೆಯಲ್ಲಿ ಸಾಹಿತ್ಯ ಸ್ಪಷ್ಟವಾಗದು. ನೆಲಕ್ಕೆ ದಪ್ಪ ಜಮಖಾನ ಹಾಸಿ, ಕೂರುವ ಜಾಗದ ಹಿಂದಿನ ಗೋಡೆಗೆ ಚಳ್ಳಕೆರೆಯ ಒಂದು ಉಣ್ಣೆ ಕಂಬಳಿ ನೇತುಹಾಕಿ ನೋಡಿ. ಸ್ಪೀಕರುಗಳನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ, ಕೂತಾಗ ಕಿವಿ ಬರುವ ಎತ್ತರಕ್ಕೆ ತನ್ನಿ. ಶೋಕೇಸಿನ ಮೇಲೆ ಛಾವಣಿಗೆ ತಾಗುವಂತೆ ಇಟ್ಟ ಸ್ಪೀಕರ್ ಅರ್ಧ ಸ್ಪೀಕರ್.

ಕಾರಿಗೆ

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆಗೆ ಗಂಟೆಗೆ 90ರಲ್ಲಿ ಹೋಗುವಾಗ ಟೈರು, ಗಾಳಿ, ಎಂಜಿನ್ ಸೇರಿ ಕಾರಿನೊಳಗೆ 65–70 ಡೆಸಿಬಲ್ ಗದ್ದಲ ಸಾಮಾನ್ಯ. ಆ ಗದ್ದಲದಲ್ಲಿ ಫ್ಲ್ಯಾಕ್‌ಗೂ 320ರ ಎಂಪಿ3ಗೂ ವ್ಯತ್ಯಾಸ ಹಿಡಿಯುವುದು ಬಹುತೇಕ ಆಗದ ಮಾತು. ಹಲವು ಕಂಪನಿ ಡೆಕ್ಕುಗಳು ಫ್ಲ್ಯಾಕ್ ಓದುವುದೂ ಇಲ್ಲ. ಆದ್ದರಿಂದ ಕಾರಿನಲ್ಲಿ ಎಂಪಿ3 ಪೆನ್‌ಡ್ರೈವ್ ನಮ್ಮ ಮೊದಲ ಶಿಫಾರಸು: ಸಿಗ್ನಲ್ ಬೇಡ, ಫೋನಿನ ಬ್ಯಾಟರಿ ಬೇಡ, ಮತ್ತೆ ಕುಗ್ಗಿಸುವಿಕೆ ಇಲ್ಲ.

32 ಜಿಬಿಯ ಪೆನ್‌ಡ್ರೈವ್‌ನಲ್ಲಿ 200 ಗಂಟೆಗೂ ಮೀರಿ ಹಾಡು ಹಿಡಿಯುತ್ತದೆ, ಅದಕ್ಕಿಂತ ದೊಡ್ಡದು ಬೇಡ. ಕಾರಣ ಜಾಗವಷ್ಟೇ ಅಲ್ಲ. ಹಳೆಯ ಡೆಕ್ಕುಗಳು ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ಮಾದರಿಯನ್ನು ಮಾತ್ರ ಓದುತ್ತವೆ. 64 ಜಿಬಿಯವು ಅಂಗಡಿಯಿಂದಲೇ ಎಕ್ಸ್‌ಫ್ಯಾಟ್ ಆಗಿ ಬರುವುದರಿಂದ ‘ನೋ ಡಿವೈಸ್’ ಎಂದು ತೋರಿಸುತ್ತವೆ. ಪೆನ್‌ಡ್ರೈವ್ ಕೆಟ್ಟಿತೆಂದು ತಿಳಿದು ಇನ್ನೊಂದು ತಂದರೂ ಕಥೆ ಅದೇ. ಹಾಡುಗಳು ಅಡ್ಡಾದಿಡ್ಡಿ ಕ್ರಮದಲ್ಲಿ ಬರುವುದಕ್ಕೂ ಕಾರಣವಿದೆ: ಕೆಲವು ಡೆಕ್ಕುಗಳು ಹೆಸರಿನ ಅಕ್ಷರಕ್ರಮ ನೋಡದೆ, ಫೈಲುಗಳು ಪೆನ್‌ಡ್ರೈವ್ ಸೇರಿದ ಕ್ರಮದಲ್ಲಿ ಹಾಡಿಸುತ್ತವೆ. ಪೂರ್ತಿ ಅಳಿಸಿ, 01, 02 ಎಂದು ಹೆಸರಿಗೆ ಅಂಕಿ ಹಚ್ಚಿ, ಒಂದೊಂದೇ ಫೋಲ್ಡರನ್ನು ಬೇಕಾದ ಕ್ರಮದಲ್ಲಿ ಪ್ರತಿ ಮಾಡಿ. ಕನ್ನಡದ ಹೆಸರುಗಳು ಬರೀ ಚೌಕಗಳಾಗಿ ಕಾಣುತ್ತಿದ್ದರೆ ಡೆಕ್ಕಿನಲ್ಲಿ ಕನ್ನಡ ಅಕ್ಷರವಿಲ್ಲ ಎಂದರ್ಥ. ಬೇಸರದ ಸಂಗತಿ, ಆದರೆ ಸದ್ಯಕ್ಕೆ ಆ ಪ್ರತಿಯಲ್ಲಿ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಹೆಸರಿಡಬೇಕು. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ನೂರಾರು ಹಾಡಿಗೆ ಒಟ್ಟಿಗೆ ಇದನ್ನು ಮಾಡಬಹುದು. ಹಳೇ ಸಿನಿಮಾ ಹಾಡು ಮೆಲ್ಲಗೆ, ಹೊಸದು ಕಿವಿಗಡಚಿಕ್ಕುವಂತೆ ಬಂದರೆ ಎಂಪಿ3ಗೇನ್ ತಂತ್ರಾಂಶ ಬಳಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತನ್ನಿ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಷ್‌ಬೋರ್ಡ್ ಕೈ ಇಡಲಾಗದಷ್ಟು ಕಾಯುತ್ತದೆ. ಮೂಲ ಪ್ರತಿ ಮನೆಯಲ್ಲಿರಲಿ.

ಆ್ಯಪ್ ಬಳಸುವವರಿಗೆ ಆಂಡ್ರಾಯ್ಡ್ ಆಟೊ ಅಥವಾ ಐಫೋನಿನ ಕಾರ್‌ಪ್ಲೇ ಬ್ಲೂಟೂತ್‌ಗಿಂತ ಮೇಲು. ಅವುಗಳ ವೈರ್‌ಲೆಸ್ ರೂಪದಲ್ಲೂ ಹಾಡು ಹರಿಯುವುದು ವೈಫೈನಲ್ಲಿ. ಹೊರಡುವ ಮುಂಚೆ ಮನೆಯಲ್ಲೇ ಆ್ಯಪ್‌ಗೆ ಇಳಿಸಿಕೊಂಡಿರಿ. ಬ್ಲೂಟೂತ್ ಒಂದೇ ಇದ್ದರೆ ಫೋನಿನ ವಾಲ್ಯೂಮನ್ನು ಪೂರ್ತಿ ಏರಿಸಿ, ಕಡಿಮೆ ಹೆಚ್ಚು ಮಾಡುವುದನ್ನು ಡೆಕ್ಕಿನಲ್ಲಿ ಮಾಡಿ. ಉಲ್ಟಾ ಮಾಡಿದರೆ ಹಾಡಿನ ಜೊತೆ ಸುಯ್ ಎನ್ನುವ ಸದ್ದೂ ಏರುತ್ತದೆ.

ಆಕ್ಸ್ ಕಿಂಡಿ ಇರುವ ಹಳೇ ಕಾರಿಗೆ 3.5 ಮಿಮೀ ತಂತಿ ಇವತ್ತಿಗೂ ಗಟ್ಟಿ ದಾರಿ. ಫೋನನ್ನು ಅದೇ ಕಾರಿನ ಚಾರ್ಜರಿಗೆ ಹಾಕಿದ ಕೂಡಲೇ ಎಕ್ಸಲೇಟರ್ ಒತ್ತಿದಂತೆ ಏರುವ ಕುಂಯ್ ಸದ್ದು ಶುರುವಾದರೆ, ಮನೆಯಲ್ಲಿ ಕಂಡ ಅದೇ ಗ್ರೌಂಡ್ ಲೂಪ್. ಐಸೊಲೇಟರ್ ಹಾಕಿದರೆ ನಿಲ್ಲುತ್ತದೆ.

ಸಿಗರೇಟ್ ಲೈಟರ್ ಕಿಂಡಿಗೆ ಹಾಕುವ ಎಫ್‌ಎಂ ಟ್ರಾನ್ಸ್‌ಮಿಟರ್ ಕೊನೆಯ ಆಯ್ಕೆ. ಎಫ್‌ಎಂ ಪ್ರಸಾರದಲ್ಲಿ 15 ಕಿಲೊಹರ್ಟ್ಸ್ ಮೇಲಿನ ಸ್ವರ ಬರುವುದಿಲ್ಲ. ನಮ್ಮ ಕಡೆ ಚಿತ್ರದುರ್ಗ ಆಕಾಶವಾಣಿ 102.6ರಲ್ಲಿದೆ; ಅದರಿಂದ ದೂರ, 88ರ ಆಸುಪಾಸಿನಲ್ಲಿ ಖಾಲಿ ಜಾಗ ಹುಡುಕಿ. ಬೆಂಗಳೂರು ಹತ್ತಿರವಾದಂತೆ 91ರಿಂದ 104ರವರೆಗೆ ಕೇಂದ್ರಗಳು ಒತ್ತೊತ್ತಾಗಿ ಬಂದು ನಿಮ್ಮ ಹಾಡಿನ ಮೇಲೆ ಬೇರೆಯವರ ಮಾತು ಕೂರುತ್ತದೆ.

ಡೆಕ್ ಬದಲಿಸುವುದಾದರೆ

‘4×50 ವ್ಯಾಟ್’ ಎಂದು ಬರೆದಿದ್ದರೂ, 14.4 ವೋಲ್ಟಿನಿಂದ 4 ಓಮ್ ಸ್ಪೀಕರಿಗೆ ಒಡೆಯದ ದನಿಯಾಗಿ ಹೋಗಬಲ್ಲದ್ದು ಲೆಕ್ಕ ಹಾಕಿದರೆ ಸುಮಾರು 26 ವ್ಯಾಟ್, ಕೈಗೆ ಸಿಗುವುದು 20ರ ಆಸುಪಾಸು. ಸಾಮಾನ್ಯ ಡೆಕ್ಕುಗಳೆಲ್ಲ ಇದರಲ್ಲಿ ಒಂದೇ. ಹಾಗಾಗಿ ವ್ಯಾಟ್ ನೋಡಿ ಡೆಕ್ ಆರಿಸಬೇಡಿ, ಸ್ಪೀಕರಿನ ಸೆನ್ಸಿಟಿವಿಟಿ (ಒಂದು ವ್ಯಾಟಿಗೆ ಎಷ್ಟು ಸದ್ದು ಎಂಬ ಅಂಕಿ) ನೋಡಿ. 87 ಡೆಸಿಬಲ್‌ನದರ ಬದಲು 90ರದು ಹಾಕಿದರೆ ಮೊದಲಿನ ಅರ್ಧದಷ್ಟು ವ್ಯಾಟಿನಲ್ಲೇ ಅಷ್ಟೇ ಸದ್ದು ಬರುತ್ತದೆ. ಮುಂದಿನ ಎರಡು ಬಾಗಿಲಿಗೆ ಒಳ್ಳೆಯ ಜೋಡಿ, ಬಾಗಿಲ ತಗಡಿಗೆ ನಡುಕ ತಡೆಯುವ ಡ್ಯಾಂಪಿಂಗ್ ಹಾಳೆ: ಇಷ್ಟಾದರೆ ಹಿಂದಿನ ಸ್ಪೀಕರುಗಳಿಗೆ ಅವಸರವಿಲ್ಲ.

ಕಂಪನಿಯ ತಂತಿ ಕತ್ತರಿಸಲು ಬಿಡಬೇಡಿ, ನಿಮ್ಮ ಕಾರಿನ ಮಾಡೆಲ್‌ಗೆ ಸರಿಹೊಂದುವ ಕಪ್ಲರ್ ಕೇಳಿ. ಹೊಸ ಡೆಕ್ಕಿನ ಕಡೆಯ ಬಣ್ಣಗಳು ಸಾಮಾನ್ಯವಾಗಿ ಹೀಗೆ: ಹಳದಿ ಸದಾ ಬ್ಯಾಟರಿ, ಕೆಂಪು ಕೀ ತಿರುಗಿಸಿದಾಗ ಬರುವ ಕರೆಂಟು, ಕಪ್ಪು ಬಾಡಿ ಗ್ರೌಂಡ್, ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ, ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್. ಹಳದಿ ಕೆಂಪು ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಸೆಟ್ಟಿಂಗ್ ಮರೆತುಹೋಗುತ್ತದೆ. ಎರಡನ್ನೂ ಸೇರಿಸಿ ಬ್ಯಾಟರಿಗೆ ಕೊಟ್ಟರೆ, ಡೆಕ್ ಆಫ್ ಮಾಡಲು ಮರೆತ ರಾತ್ರಿಯೇ ಬ್ಯಾಟರಿ ಇಳಿದು ಬೆಳಿಗ್ಗೆ ಕಾರು ತಳ್ಳಬೇಕಾಗುತ್ತದೆ.

ಬೇರೆ ಆಂಪ್ಲಿಫೈಯರ್ ಕೂರಿಸುವುದಾದರೆ ಅದರ ಕರೆಂಟು ನೇರ ಬ್ಯಾಟರಿಯಿಂದ ಬರಲಿ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲಿ. ತಗಡಿನ ತೂತಿನಲ್ಲಿ ತಂತಿ ದಾಟುವ ಕಡೆ ರಬ್ಬರ್ ಬುಷ್ ಇಲ್ಲದಿದ್ದರೆ ಅಂಚು ತಂತಿಯ ಮೈ ಕೊರೆದು ಬೆಂಕಿಗೆ ದಾರಿ. ನಾಲ್ಕು ಚಾನೆಲ್‌ಗೆ 50 ವ್ಯಾಟಿನಂತೆ ಇರುವುದಕ್ಕೆ 8 ಚದರ ಮಿಮೀ ತಾಮ್ರದ ತಂತಿ ಬೇಕು. ಅಗ್ಗದ ಕಿಟ್‌ಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿರುತ್ತಾರೆ, ತುದಿಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಗ್ರೌಂಡ್ ಬೋಲ್ಟ್ ಹಾಕುವ ಜಾಗದಲ್ಲಿ ಮರಳು ಕಾಗದದಿಂದ ಬಣ್ಣ ಉಜ್ಜಿ, ತಗಡು ಹೊಳೆಯುವವರೆಗೆ ಬಿಡಬೇಡಿ. ಬಣ್ಣದ ಮೇಲೆ ಬಿಗಿದ ಗ್ರೌಂಡ್‌ನಿಂದಲೇ ಕುಂಯ್ ಸದ್ದಿನ ಬಹುಪಾಲು ದೂರು ಹುಟ್ಟುತ್ತದೆ. ಆರ್‌ಸಿಎ ತಂತಿ ಕಾರಿನ ಒಂದು ಬದಿಗೆ ಹೋದರೆ ಕರೆಂಟಿನ ತಂತಿ ಇನ್ನೊಂದು ಬದಿಗೆ ಹೋಗಲಿ.

ಟ್ರ್ಯಾಕ್ಟರಿಗೆ ಡೆಕ್ ಹಾಕಿಸುವವರಿಗೂ ಇದೇ ನಿಯಮ, ಜೊತೆಗೆ ಎರಡು ಮಾತು. ಕುಲುಕಾಟ ಹೆಚ್ಚಿರುವುದರಿಂದ ಡೆಕ್ಕನ್ನು ರಬ್ಬರ್ ಬುಷ್ ಮೇಲೆ ಕೂರಿಸಿ, ಕಿಂಡಿಯಿಂದ ಉಗುರಿನಷ್ಟೇ ಹೊರಗೆ ಕಾಣುವ ಗಿಡ್ಡ ಪೆನ್‌ಡ್ರೈವ್ ಬಳಸಿ. ಉದ್ದದ್ದಾದರೆ ಗುದ್ದಿಗೆ ಡೆಕ್ಕಿನ ಕಿಂಡಿಯೇ ಸಡಿಲವಾಗುತ್ತದೆ. ಹಾರ್ನಿನ ವೈರಿನಿಂದ ಕರೆಂಟು ಕದಿಯದೆ ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಹಾಕಿ ಬೇರೆ ತಂತಿ ಎಳೆಸಿ.